ಒಂದು ನಿಮಿಷದ ಬೆರಳು

ನಮ್ಮ ಯಜಮಾನರು ಕಾಮಾಕ್ಷಿಪಾಳ್ಯದಲ್ಲಿ ಮಿಕ್ಸಿ, ಗ್ರೈಂಡರ್ ರಿಪೇರಿ ಅಂಗಡಿ ಇಟ್ಟವರು. ಅಂಗಡಿ ಅಂದರೆ ಒಂದು ಶೆಟರು, ಒಂದು ಬೆಂಚು, ಗೋಡೆ ತುಂಬ ಯಾರು ಯಾರದೋ ಮನೆಯ ಜಾರುಗಳು. ಕೆಲಸ ಮಾಡುವಾಗ ಬಿಚ್ಚಿದ ಸ್ಕ್ರೂಗಳನ್ನು ಅವರು ಕೆಳಗಿಡುವುದಿಲ್ಲ. ಬೆಂಚಿನ ಮೇಲಿಟ್ಟರೆ ಉರುಳಿಹೋಗುತ್ತವೆ, ಡಬ್ಬಿಗೆ ಹಾಕಿದರೆ ಬೇರೆಯವುಗಳ ಜೊತೆ ಸೇರಿಬಿಡುತ್ತವೆ ಎಂದು ತುಟಿಗಳ ನಡುವೆ ಕಚ್ಚಿಕೊಂಡಿರುತ್ತಾರೆ. ಬಾಯಿ ತೆರೆದರೆ ಸ್ಕ್ರೂ ಬೀಳುತ್ತದೆ. ಹಾಗಾಗಿ ಯಾರು ಏನು ಕೇಳಿದರೂ ತಲೆ ಎತ್ತದೆ ಬಲಗೈಯ ತೋರುಬೆರಳನ್ನು ಮಾತ್ರ ಎತ್ತುತ್ತಾರೆ. ಒಂದು ನಿಮಿಷ ಇರಿ ಅಂತ ಅದರ ಅರ್ಥ.

ಅಂಗಡಿಯಲ್ಲಿ ಹುಟ್ಟಿದ ಈ ಬೆರಳು ಮದುವೆಯಾದ ಮೇಲೆ ಮನೆಗೂ ಬಂತು. ಮನೆಯಲ್ಲೂ ಹಿತ್ತಲಲ್ಲಿ ಕೂತು ಒಂದಲ್ಲ ಒಂದು ಯಂತ್ರ ಬಿಚ್ಚಿ ಹಾಕಿಕೊಂಡೇ ಇರುತ್ತಾರೆ. ಬರಬರುತ್ತಾ ಬಾಯಲ್ಲಿ ಸ್ಕ್ರೂ ಇಲ್ಲದಿದ್ದರೂ ಊಟಕ್ಕೆ ಕರೆದರೆ ಬೆರಳೇ ಉತ್ತರ. ಅದೂ ಮೊದಲನೇ ಕೂಗಿಗಲ್ಲ, ಮೂರನೆಯದಕ್ಕೆ. ಆ ಒಂದು ನಿಮಿಷ ಮಿಕ್ಸಿಯಾದರೆ ಇಪ್ಪತ್ತು ನಿಮಿಷ, ಗ್ರೈಂಡರ್ ಆದರೆ ಒಂದು ಗಂಟೆ. ಹಳೇ ರೇಡಿಯೋ ಸಿಕ್ಕಿತೆಂದರೆ ಆ ಹೊತ್ತಿನ ಊಟದ ಆಸೆಯನ್ನೇ ಬಿಡಬೇಕು. ನಾನು ಅನ್ನ ಬಡಿಸಿ, ಮುಚ್ಚಿ, ಮತ್ತೆ ಬಿಸಿ ಮಾಡಿ, ಬೈದು, ಕೊನೆಗೆ ಒಬ್ಬಳೇ ತಿಂದು ಏಳುವುದು ರೂಢಿಯಾಗಿತ್ತು. ಒಮ್ಮೆ ಸಿಟ್ಟು ಬಂದು ಮಗಳ ಹತ್ತಿರ, ಯಮನೇ ಬಂದು ಕರೆದರೂ ನಿಮ್ಮಪ್ಪ ಬೆರಳು ತೋರಿಸ್ತಾರೆ ಕಣೇ, ಅಂದಿದ್ದೆ. ಅಂಥ ಮಾತು ಆಡಬಾರದಿತ್ತು ಎಂದು ಆಮೇಲೆ ಆಸ್ಪತ್ರೆಯ ಕಬ್ಬಿಣದ ಕುರ್ಚಿಯ ಮೇಲೆ ಕೂತು ಎಷ್ಟು ಸಲ ಕೆನ್ನೆ ಕೆನ್ನೆ ಬಡಿದುಕೊಂಡೆನೋ.

ಆವತ್ತು ನಾಗರಬಾವಿಯ ಒಂದು ಮನೆಯಿಂದ ಗ್ರೈಂಡರಿನ ಗುಂಡುಕಲ್ಲನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಬರುತ್ತಿದ್ದರು. ರಸ್ತೆಗೆ ಹೊಸದಾಗಿ ಹಾಕಿದ ಹಂಪು, ಅದಕ್ಕಿನ್ನೂ ಬಿಳಿ ಪಟ್ಟೆ ಬಳಿದಿರಲಿಲ್ಲ. ಹೆಲ್ಮೆಟ್ ತಲೆಯ ಮೇಲೇನೋ ಇತ್ತು, ಪಟ್ಟಿ ಹಾಕಿಕೊಂಡಿರಲಿಲ್ಲ. ಸ್ಕೂಟರ್ ಒಂದು ಕಡೆ, ಹೆಲ್ಮೆಟ್ ಒಂದು ಕಡೆ, ಇವರು ಒಂದು ಕಡೆ. ಲಾ ಓದುವ ಇಬ್ಬರು ಹುಡುಗಿಯರು ಆಟೋದಲ್ಲಿ ಹಾಕಿಕೊಂಡು ಮಾಗಡಿ ರಸ್ತೆಯ ಆಸ್ಪತ್ರೆಗೆ ಸೇರಿಸಿ, ಇವರದೇ ಫೋನಿನಿಂದ ನನಗೆ ಫೋನ್ ಮಾಡಿದರು. ಗುಂಡುಕಲ್ಲಿಗೆ ಏನೂ ಆಗಿರಲಿಲ್ಲ. ಆ ಹುಡುಗಿಯರು ಅದನ್ನೂ ಜೋಪಾನವಾಗಿ ತಂದು ಎಮರ್ಜೆನ್ಸಿ ಬಾಗಿಲ ಪಕ್ಕ ಇಟ್ಟಿದ್ದರು. ನಾನೂ ಮಗಳೂ ಓಡಿಕೊಂಡು ಹೋದಾಗ ಮೊದಲು ಕಂಡದ್ದು ಆ ಕಲ್ಲೇ.

ತಲೆಯೊಳಗೆ ರಕ್ತ ಹೆಪ್ಪುಗಟ್ಟಿದೆ ಎಂದು ಆವತ್ತೇ ಬುರುಡೆ ತೆರೆದು ಆಪರೇಷನ್ ಮಾಡಿದರು. ಬಾಯಿಗೆ ವೆಂಟಿಲೇಟರ್ ಪೈಪು, ಮೂಗಿಗೆ ಊಟದ ಪೈಪು. ಮೂರನೇ ದಿನ ನಿದ್ದೆಯ ಔಷಧಿ ಕಡಿಮೆ ಮಾಡಿದರು, ಇವರು ಏಳಲಿಲ್ಲ. ದೊಡ್ಡ ಡಾಕ್ಟರು ನನ್ನನ್ನೂ ಮಗಳನ್ನೂ ಕೂರಿಸಿಕೊಂಡು ನಿಧಾನವಾಗಿ ಹೇಳಿದರು. "ಜೀವ ಉಳಿಯೋದು ಒಂದು ವಿಷಯ ಅಮ್ಮ, ನಿಮ್ಮನ್ನ ಗುರುತು ಹಿಡಿಯೋದು ಇನ್ನೊಂದು. ನಾವು ಹೇಳಿದ್ದು ಅವರಿಗೆ ಅರ್ಥ ಆಗ್ತಿದೆ ಅನ್ನೋದಕ್ಕೆ ಒಂದೇ ಒಂದು ಸೂಚನೆ ಸಿಕ್ಕಿದರೆ ಸಾಕು. ಇನ್ನೂ ಸಿಕ್ಕಿಲ್ಲ." ದಿನಾ ಬೆಳಿಗ್ಗೆ ಒಂಬತ್ತಕ್ಕೆ ಅವರು ಬಂದು, ಕಣ್ಣು ಬಿಡಿ, ಕೈ ಒತ್ತಿ, ಎರಡು ಬೆರಳು ತೋರಿಸಿ ಎಂದು ಜೋರಾಗಿ ಕೇಳುತ್ತಿದ್ದರಂತೆ. ಇವರು ಒಂದನ್ನೂ ಮಾಡುತ್ತಿರಲಿಲ್ಲವಂತೆ. ಕರೆದರೆ ಓಗೊಡುತ್ತಿಲ್ಲ ಎಂದು ಫೈಲಿನಲ್ಲಿ ಬರೆದಿದೆ ಎಂದು ಮಗಳು ಅಳುತ್ತಾ ಹೇಳಿದಳು. ಅದಕ್ಕೆ ಫೈಲೇ ಬೇಕಿತ್ತೇ, ಈ ಮಾತನ್ನು ನಾನು ಮದುವೆಯಾದ ವರ್ಷದಿಂದ ಹೇಳುತ್ತಲೇ ಇದ್ದೇನೆ ಅನ್ನಿಸಿತು. ಅನ್ನಿಸಿದ್ದಕ್ಕೆ ನನ್ನ ಮೇಲೇ ಕೋಪ ಬಂತು.

ಕಾಯುವವರ ಹಾಲ್‌ನಲ್ಲಿ ನಮ್ಮದು ಕಿಟಕಿ ಪಕ್ಕದ ನಾಲ್ಕು ಕುರ್ಚಿ. ನೋಡಲು ಬರುವವರೆಲ್ಲ ಮೋಸಂಬಿ ತರುತ್ತಿದ್ದರು. ಒಳಗಿರುವವರಿಗೆ ಮೋಸಂಬಿ ಕೊಡುವಂತಿಲ್ಲ, ತಂದವರ ಎದುರು ನಾವು ತಿನ್ನುವಂತಿಲ್ಲ. ಐದನೇ ದಿನಕ್ಕೆ ಕುರ್ಚಿಯ ಕೆಳಗೆ ಒಂದು ಮೂಟೆಯಾಗಿತ್ತು. ಬಂದವರನ್ನು ಬರಿಗಂಟಲಲ್ಲಿ ಕಳಿಸಬಾರದೆಂದು ನಾನು ಫ್ಲಾಸ್ಕಿನಲ್ಲಿ ಕಾಫಿ ತುಂಬಿಸಿಕೊಂಡು ಹೋಗುತ್ತಿದ್ದೆ. ಇದು ಆಸ್ಪತ್ರೆ ಅಮ್ಮ, ಸತ್ಯನಾರಾಯಣ ಪೂಜೆ ಅಲ್ಲ, ಎಂದು ಸೆಕ್ಯೂರಿಟಿಯವರು ಗದರಿದರು. ಅವರಿಗೂ ಒಂದು ಲೋಟ ಕೊಟ್ಟೆ. ಸಕ್ಕರೆ ಸ್ವಲ್ಪ ಕಡಿಮೆಯಾಯಿತು ಅಂದರು.

ನಂದಿನಿ ಲೇಔಟಿನಿಂದ ಒಬ್ಬ ಗಿರಾಕಿ ಹೆಂಗಸು ದಿನ ಬಿಟ್ಟು ದಿನ ಬರುತ್ತಿದ್ದರು. ಅವರ ಮಿಕ್ಸಿ ತಳ ಬಿಚ್ಚಿದ ಸ್ಥಿತಿಯಲ್ಲಿ ನಮ್ಮ ಅಂಗಡಿಯ ಬೆಂಚಿನ ಮೇಲಿತ್ತು. ಮೊದಲ ದಿನ ಕಣ್ಣೊರೆಸಿಕೊಂಡು, ಇಂಥ ಹೊತ್ತಲ್ಲಿ ಕೇಳಬಾರದು ಎಂದು ಎರಡು ಸಲ ಹೇಳಿ, ಮೂರನೇ ಸಲ ಕೇಳಿಯೇಬಿಟ್ಟರು. ಮಿಕ್ಸಿ ಇನ್ನೂ ಆಗಿಲ್ಲ ಎಂದೆ. ಪಾಪ, ಒಳ್ಳೆಯವರು. ಆಮೇಲೆ ಮಿಕ್ಸಿಯ ಸುದ್ದಿಯನ್ನೇ ಎತ್ತಲಿಲ್ಲ. ನಮಗೆ ಚಟ್ನಿ ಇಡ್ಲಿ ತಂದು ಕೊಡುತ್ತಿದ್ದರು. ಡಬ್ಬಿ ಕೈಗಿಡುವಾಗ ಮಾತ್ರ ಪ್ರತಿ ಸಲ ಮೆಲ್ಲಗೆ ಒಂದು ಮಾತು ಹೇಳುತ್ತಿದ್ದರು: "ಒರಳಲ್ಲೇ ರುಬ್ಬಿದ್ದು ಕಣ್ರೀ."

ರೋಗಿಗೊಂದೇ ಪಾಸು. ಬೆಳಿಗ್ಗೆ ಹನ್ನೊಂದಕ್ಕೂ ಸಂಜೆ ಐದಕ್ಕೂ ಒಬ್ಬೊಬ್ಬರು ಐದು ನಿಮಿಷ ಒಳಗೆ ಹೋಗಬಹುದು. ಬಾಗಲಕೋಟೆ ಕಡೆಯ ಸಿಸ್ಟರ್ ಒಬ್ಬಳಿದ್ದಳು. ಸುಮ್ಮನೆ ನಿಲ್ಲಬ್ಯಾಡ್ರಿ ಅಕ್ಕಾರ, ಮನಿ ಮಾತು ಆಡ್ರಿ, ಅವರಿಗೆ ಕೇಳಿಸ್ತದ, ಎಂದು ನನ್ನನ್ನು ಹಾಸಿಗೆಯ ಹತ್ತಿರಕ್ಕೆ ತಳ್ಳುತ್ತಿದ್ದಳು. ನಾನು ಗೌನು ಹಾಕಿಕೊಂಡು, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಅವರ ಕಿವಿಯ ಹತ್ತಿರ ಬಗ್ಗಿ ಹೇಳುತ್ತಿದ್ದೆ: ನಿನ್ನೆ ಕಾವೇರಿ ನೀರು ಬಂತು. ಹಾಲು ಒಡೆಯಿತು. ಮೇಲಿನ ಮನೆಯವರ ನಾಯಿ ನಿಮ್ಮ ಹಳೇ ಚಪ್ಪಲಿ ಕಚ್ಚಿಹಾಕಿತು. ಗುಂಡುಕಲ್ಲನ್ನು ನಾಗರಬಾವಿಯವರಿಗೆ ಮುಟ್ಟಿಸಿದ್ದೇವೆ. ಊಟದ ಸುದ್ದಿಯನ್ನು ಮಾತ್ರ ಎತ್ತುತ್ತಿರಲಿಲ್ಲ. ಮೂಗಿನ ಪೈಪಿನಲ್ಲಿ ಗಂಜಿ ಹೋಗುತ್ತಿರುವ ಮನುಷ್ಯನ ಎದುರು ಸಾರು, ಪಲ್ಯ ಎಂದು ಹೇಳುವುದಕ್ಕೆ ನಾಲಿಗೆ ಬರಲಿಲ್ಲ.

ನನ್ನ ಅತ್ತಿಗೆಗೆ, ಅಂದರೆ ಇವರ ಅಕ್ಕನಿಗೆ, ಅಂಥ ಸಂಕೋಚವಿಲ್ಲ. ಕೆಂಗೇರಿಯ ಆಚೆಗಿನ ಹಳ್ಳಿಯವರು. ಜಮೀನು ಲೇಔಟ್ ಆದ ಮೇಲೂ ಇಡೀ ವಂಶವನ್ನು ನೇಗಿಲ ಹಿಂದೆ ನಡೆಸಿದ ಹಾಗೇ ನಡೆಸುವವರು. ಆರನೇ ದಿನ ಬೆಳಿಗ್ಗೆ ಪಾಸು ಅವರ ಕೈಗೆ ಕೊಟ್ಟೆ. ಮೂರು ನಿಮಿಷಕ್ಕೇ ಗೌನು ಬಿಚ್ಚದೆ ಹಾಲ್‌ಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

"ಬೆರಳು ಮೇಲಕ್ಕೆ ತೋರಿಸ್ಬಿಟ್ಟ ಕಣಮ್ಮ," ಎಂದರು. "ನಾನು ಮೇಲಕ್ಕೆ ಹೋಗ್ತಾ ಇದೀನಿ ಅಂತ ನನಗೆ ಹೇಳ್ಬಿಟ್ಟ."

ಮಗಳು ಡ್ಯೂಟಿ ಡಾಕ್ಟರ ಹತ್ತಿರ ಓಡಿದಳು. ಅವರು ಬಂದು ನೋಡಿ, ಬಿಪಿ ಎಲ್ಲ ನಿನ್ನೆಯ ಹಾಗೇ ಇದೆ, ಬೆರಳು ತಾನಾಗೇ ಅಲುಗಾಡುವುದುಂಟು, ಅದಕ್ಕೆ ಅರ್ಥ ಕಟ್ಟಬೇಡಿ ಎಂದು ಹೇಳಿ ಹೋದರು. ಆದರೆ ಅಷ್ಟರಲ್ಲಿ ಅತ್ತಿಗೆ ಊರಿಗೆ ಫೋನ್ ಮಾಡಿ ಆಗಿತ್ತು. ನೋಡೋರು ಈಗಲೇ ಬಂದು ನೋಡಿಕೊಳ್ಳಿ ಅಂದಿದ್ದರು.

ಮಧ್ಯಾಹ್ನಕ್ಕೆ ಎರಡು ಟೆಂಪೋದಲ್ಲಿ ಊರಿಗೆ ಊರೇ ಬಂತು. ಆಸ್ಪತ್ರೆಯಲ್ಲಿ ಊಟ ಸಿಗುತ್ತದೋ ಇಲ್ಲವೋ ಎಂದು ಮುದ್ದೆ, ಸೊಪ್ಪಿನ ಸಾರಿನ ಪಾತ್ರೆಯನ್ನೂ ಹೊತ್ತು ತಂದಿದ್ದರು. ನಮ್ಮ ನಾಲ್ಕು ಕುರ್ಚಿ ಇಪ್ಪತ್ತಾಯಿತು. ಬೆರಳಿನ ವಿಷಯ ಬಾಯಿಂದ ಬಾಯಿಗೆ ಹೋಗುತ್ತಾ ಒಬ್ಬೊಬ್ಬರೂ ಒಂದೊಂದು ಅರ್ಥ ಹೇಳಿದರು. ಮನೆದೇವರಿಗೆ ಒಂದು ಹರಕೆ ಬಾಕಿ ಇರಬೇಕು ಎಂದರು ಒಬ್ಬರು. ಒಂದೇ ಮಗಳು, ಅವಳನ್ನು ನೋಡಿಕೊಳ್ಳಿ ಎಂದಿರಬೇಕು ಎಂದರು ಇನ್ನೊಬ್ಬರು. ಅದನ್ನು ಕೇಳಿ ಮಗಳು ಮತ್ತೆ ಅತ್ತಳು. ಇವರ ದೊಡ್ಡಪ್ಪ ಬಹಳ ಹೊತ್ತು ಮೀಸೆ ತೀಡುತ್ತಾ ಕೂತಿದ್ದವರು, ನನ್ನ ಪಕ್ಕ ಬಂದು ದನಿ ತಗ್ಗಿಸಿ, ಎಲ್ಲಾದರೂ ನಿನಗೂ ಹೇಳದೆ ಒಂದು ಸೈಟ್ ಮಾಡಿದ್ನೇನಮ್ಮ, ಎಂದು ಕೇಳಿದರು.

ಅತ್ತಿಗೆ ಹನ್ನೆರಡನೇ ಸಲವೋ ಏನೋ ನಡೆದದ್ದನ್ನು ಹೊಸದಾಗಿ ಬಂದವರಿಗೆ ಒಪ್ಪಿಸುತ್ತಿದ್ದರು. ಅಲ್ಲಿಯವರೆಗೆ ಬರೀ ಬೆರಳಿನ ಮಾತು ಬರುತ್ತಿತ್ತು, ಅದಕ್ಕೆ ಮುಂಚೆ ಅತ್ತಿಗೆ ಏನು ಅಂದಿದ್ದರು ಎಂದು ಯಾರೂ ಕೇಳಿರಲಿಲ್ಲ. ಯಾರೋ ಮುದುಕಿ ಕೇಳಿದರು. ಅತ್ತಿಗೆ ಸೆರಗಿನಿಂದ ಮೂಗೊರೆಸಿಕೊಂಡು ಹೇಳಿದರು:

"ನಾನೇನು ಅಂದೆ, ಲೋ, ಎಷ್ಟು ಸಲ ಕರೀಬೇಕೋ ನಿನ್ನ, ಎದ್ದು ಬಂದು ಊಟ ಮಾಡೋ, ಅಂದೆ. ಅಷ್ಟೇ ಅಂದಿದ್ದು."

ನನಗೆ ನಗು ಬಂತು. ತಡೆದುಕೊಳ್ಳಲು ಸೆರಗು ಬಾಯಿಗಿಟ್ಟುಕೊಂಡರೆ ಇನ್ನೂ ಹೆಚ್ಚಾಯಿತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಹೊಟ್ಟೆ ಕುಣಿಯುತ್ತಿತ್ತು. ಒಬ್ಬರು ನನ್ನ ತಲೆಗೆ ನೀರು ತಟ್ಟಿದರು. ಮೋಸಂಬಿ ಸುಲಿದು ಬಾಯಿಗಿಡಿ ಎಂದರು ಇನ್ನೊಬ್ಬರು. ಮಗಳು ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಹೊಳೆಯಿತು. ಅಮ್ಮ, ಒಂದ್ನಿಮಿಷ ಅಂದಿದಾರೆ ಅಪ್ಪ, ಎಂದಳು.

ಇದನ್ನು ಇಪ್ಪತ್ತು ಜನಕ್ಕೆ ವಿವರಿಸುವುದು ಸುಲಭವಾಗಲಿಲ್ಲ. ಊಟಕ್ಕೆ ಕರೆದರೆ ಗಂಡ ಬರುವುದಿಲ್ಲ ಎಂಬ ಮನೆಯ ಗುಟ್ಟನ್ನು ಗಂಡನ ದಾಯಾದಿಗಳ ನಡುವೆ ನಿಂತು ಹೇಳಬೇಕಾಯಿತು. ದೊಡ್ಡಪ್ಪನಿಗೆ ಸೈಟಿನ ಆಸೆ ಪೂರ್ತಿ ಹೋಗಲಿಲ್ಲ. ಅತ್ತಿಗೆ, ಹಾಗಾದ್ರೆ ನಾನು ಊರೆಲ್ಲ ಸುಮ್ನೆ ಹೊರಡಿಸಿದ್ನಾ, ಎಂದು ಮುನಿಸಿಕೊಂಡರು.

ಆದರೆ ನಾವು ನಂಬಿದರೆ ಸಾಲದು, ಡಾಕ್ಟರು ನಂಬಬೇಕಿತ್ತು. ಅದಕ್ಕಿಂತ ಹೆಚ್ಚಾಗಿ ನನಗೇ ಖಾತ್ರಿಯಾಗಬೇಕಿತ್ತು. ಸಂಜೆ ಐದಕ್ಕೆ ಪಾಸು ಹಿಡಿದು ಒಳಗೆ ಹೋದವಳು ಕೂಗಲಿಲ್ಲ. ಕೂಗಿದ ಮೇಲೆ ಬೆರಳು ಏಳದಿದ್ದರೆ ಏನು ಮಾಡುವುದು ಎಂಬ ಹೆದರಿಕೆ. ಆ ಐದು ನಿಮಿಷವೂ ಅವರ ಬಲಗೈಯನ್ನು ಹಿಡಿದುಕೊಂಡು ನಿಂತು ಬಂದುಬಿಟ್ಟೆ. ಬೆರಳ ತುದಿಯಲ್ಲಿ ಗ್ರೀಸಿನ ಕಪ್ಪು ಹಾಗೇ ಇತ್ತು, ಸಿಸ್ಟರುಗಳು ಎಷ್ಟು ಒರೆಸಿದರೂ ಹೋಗಿರಲಿಲ್ಲ.

ಸಿಸ್ಟರಿಗೆ ವಿಷಯ ಹೇಳಿದೆ. ಅವಳು ನಗಲಿಲ್ಲ. ನಾಳೆ ಒಂಬತ್ತಕ್ಕ ರೌಂಡ್ಸ್ ಟೈಮಿಗೆ ಬರ್ರಿ, ನಾ ಡಾಕ್ಟರಿಗೆ ಕೇಳ್ತೀನಿ, ಅಂದಳು. ಆ ಹೊತ್ತಿನಲ್ಲಿ ಮನೆಯವರನ್ನು ಒಳಗೆ ಬಿಡುವ ಪದ್ಧತಿಯಿಲ್ಲ. ಡಾಕ್ಟರು ಒಪ್ಪಿದ್ದು ಅವಳ ಮಾತಿಗೋ ಅಥವಾ ಈ ಸಂಸಾರ ಎದ್ದು ಹೋಗಿ ಹಾಲ್ ಖಾಲಿಯಾದರೆ ಸಾಕು ಅಂತಲೋ ಗೊತ್ತಿಲ್ಲ.

ಬೆಳಿಗ್ಗೆ ಹಾಸಿಗೆಯ ಸುತ್ತ ಐದಾರು ಜನ ಡಾಕ್ಟರುಗಳು. ದೊಡ್ಡ ಡಾಕ್ಟರು ಮೊದಲು ತಾವೇ, ಎರಡು ಬೆರಳು ತೋರಿಸಿ ಸಾರ್, ಎಂದು ಕೇಳಿದರು. ಏನೂ ಇಲ್ಲ. ಆಮೇಲೆ ನನ್ನ ಕಡೆ ತಿರುಗಿ, ನೀವು ಕರೀರಿ ಅಮ್ಮ ಎಂದರು. ನಾನು ಗಂಟಲು ಸರಿಮಾಡಿಕೊಂಡು, ದೊಡ್ಡವರ ಎದುರು ಮಾತಾಡುವ ಮರ್ಯಾದೆಯ ದನಿಯಲ್ಲಿ, ರೀ, ಊಟಕ್ಕೆ ಬನ್ನಿ, ಎಂದೆ. ಬೆರಳು ಅಲುಗಲಿಲ್ಲ. ಮತ್ತೊಮ್ಮೆ ಕರೆದೆ. ಇಲ್ಲ. ಹಿಂದೆ ನಿಂತಿದ್ದ ಡ್ಯೂಟಿ ಡಾಕ್ಟರು ಗಡಿಯಾರ ನೋಡಿಕೊಂಡರು. ದೊಡ್ಡ ಡಾಕ್ಟರು ನನ್ನ ಹೆಗಲ ಮೇಲೆ ಕೈಯಿಟ್ಟು, ಪರವಾಗಿಲ್ಲ ಅಮ್ಮ, ಎಂದರು.

ಸಿಸ್ಟರ್ ನನ್ನ ಕಿವಿಯಲ್ಲಿ ಹೇಳಿದಳು: "ಮನ್ಯಾಗ ಹಿಂಗ ಕರೀತೀರೇನ್ರಿ ಅಕ್ಕಾರ?"

ಇಲ್ಲ. ಹೀಗೆ ನಾನು ಎಂದೂ ಕರೆದವಳಲ್ಲ. ಒಗ್ಗರಣೆಯ ಸದ್ದನ್ನು ದಾಟಿ, ನಡುಮನೆಯ ಟೀವಿ ದಾಟಿ, ಹಿತ್ತಲಿಗೆ ಮುಟ್ಟಬೇಕಾದ ದನಿ ಅದು. ಅದರಲ್ಲಿ ಅಷ್ಟೂ ವರ್ಷದ ಆರಿದ ಅನ್ನದ ಕೋಪ ಇರುತ್ತದೆ. ಕಣ್ಣು ಮುಚ್ಚಿಕೊಂಡೆ. ಮುಖದ ಮಾಸ್ಕನ್ನು ಕೆಳಗೆಳೆದೆ.

"ರೀ, ಅನ್ನ ಆರಿ ಕಲ್ಲಾಗ್ತಾ ಇದೆ. ಎಷ್ಟು ಸಲ ಕರೀಬೇಕು ನಿಮ್ಮನ್ನ? ನನಗೇನು ಬೇರೆ ಕೆಲಸ ಇಲ್ವಾ?"

ಪಕ್ಕದ ಹಾಸಿಗೆಯ ಯಂತ್ರ ಯಾಕೋ ಕುಂಯ್ ಎಂದಿತು. ಎಲ್ಲೋ ಒಬ್ಬ ಸಿಸ್ಟರ್ ಟ್ರೇ ಬೀಳಿಸಿದಳು. ನಾನು ಕಣ್ಣು ಬಿಡುವಷ್ಟರಲ್ಲಿ ಬೆರಳು ಎದ್ದಿತ್ತು. ಬಿಳಿ ಹೊದಿಕೆಯ ಮೇಲೆ, ಗ್ರೀಸಿನ ಕಪ್ಪು ತುದಿಯ ಆ ಒಂದೇ ಬೆರಳು, ನೆಟ್ಟಗೆ.

ದೊಡ್ಡ ಡಾಕ್ಟರು ಬಗ್ಗಿ ನೋಡಿದರು. ಬೇರೆ ಏನಾದರೂ ಹೇಳಿ, ಆದರೆ ಇದೇ ದನಿಯಲ್ಲಿ, ಎಂದರು. ಕರೆಂಟ್ ಬಿಲ್ ಬಂದಿದೆ ಎಂದು ಕೂಗಿದೆ. ಅಷ್ಟರಲ್ಲಿ ಇಳಿದಿದ್ದ ಬೆರಳು ಏಳಲಿಲ್ಲ. ಗ್ಯಾಸ್ ಮುಗಿದಿದೆ ಎಂದೆ. ಇಲ್ಲ. ಊಟಕ್ಕೆ ಬನ್ನಿ ಎಂದೆ, ಎದ್ದಿತು. ಡಾಕ್ಟರು ತಾವೂ ಒಮ್ಮೆ ಪ್ರಯತ್ನಿಸಿದರು. ಅಷ್ಟು ಓದಿದವರು, ಆರು ಜನರ ಎದುರು, ರೀ ಊಟಕ್ಕೆ ಬನ್ನಿ, ಎಂದು ಜೋರಾಗಿ ಕರೆದರು. ಇವರು ಕಿವಿಗೇ ಹಾಕಿಕೊಳ್ಳಲಿಲ್ಲ. ಕಿರಿಯ ಡಾಕ್ಟರುಗಳು ಗೋಡೆಯ ಕಡೆ ತಿರುಗಿಕೊಂಡರು.

"ಬಾಯಲ್ಲಿ ಸ್ಕ್ರೂ ಇದ್ದಾಗ ಹೀಗೆ ಮಾಡ್ತಾರೆ ಸಾರ್," ಎಂದೆ ನಾನು. "ಈಗ ಪೈಪ್ ಇದೆಯಲ್ಲ, ಅದಕ್ಕೆ."

ಡಾಕ್ಟರು ಫೈಲಿನಲ್ಲಿ ಏನನ್ನೋ ಹೊಡೆದುಹಾಕಿ ಏನನ್ನೋ ಬರೆದರು. ಆಮೇಲೆ, ಈ ಒಂದು ನಿಮಿಷ ಅಂದರೆ ಸಾಮಾನ್ಯವಾಗಿ ಎಷ್ಟು ಹೊತ್ತು ಅಮ್ಮ, ಎಂದು ಕೇಳಿದರು.

"ಏನು ಬಿಚ್ಚಿದಾರೆ ಅನ್ನೋದರ ಮೇಲೆ ಹೋಗುತ್ತೆ ಸಾರ್."

ಅವರು ಇವರ ತಲೆಯ ಬ್ಯಾಂಡೇಜನ್ನು ನೋಡಿದರು. "ಈ ಸಲ ಬಿಚ್ಚಿರೋದು ಸ್ವಲ್ಪ ದೊಡ್ಡದೇ," ಎಂದರು. "ಕಾಯೋಣ."

ಆ ದಿನದ ಹನ್ನೊಂದು ಗಂಟೆಯ ಪಾಸಿಗೆ ನಮ್ಮವರಲ್ಲೇ ನೂಕುನುಗ್ಗಲು. ಊಟಕ್ಕೆ ಕರೆದರೆ ಬೆರಳು ತೋರಿಸುತ್ತಾನೆ ಎಂಬ ಸುದ್ದಿ ಹರಡಿ, ರಾತ್ರಿ ಊರಿಗೆ ಹೋದವರಲ್ಲಿ ಅರ್ಧ ಜನ ಮತ್ತೆ ಬಂದಿದ್ದರು. ದೊಡ್ಡಪ್ಪ ಕರೆದರು. ಅತ್ತಿಗೆ ತಾನೇ ಮೊದಲು ಕಂಡುಹಿಡಿದದ್ದು ಎಂದು ಎರಡು ಸಲ ಹೋಗಿ ಕರೆದರು. ಐದನೆಯವರ ಹೊತ್ತಿಗೆ ಸಿಸ್ಟರ್ ಬಾಗಿಲಿಗೆ ಅಡ್ಡ ನಿಂತಳು. ಒಂದು ತಾಸಿನ್ಯಾಗ ಎಷ್ಟ ಸಲ ಊಟಕ್ಕ ಕರೀತೀರಿ, ಮನುಷ್ಯಾಗ ಅಜೀರ್ಣ ಆಗ್ತದ, ಎಂದು ಎಲ್ಲರನ್ನೂ ಹಿಂದಕ್ಕೆ ಕಳಿಸಿದಳು. ಹಾಲ್‌ನಲ್ಲಿ ಆವತ್ತೂ ಹೊತ್ತು ತಂದಿದ್ದ ಮುದ್ದೆಯ ಪಾತ್ರೆ ಬಿಚ್ಚಿದರು. ಸೆಕ್ಯೂರಿಟಿಯವರು ಈ ಸಲ ಗದರಲಿಲ್ಲ, ಸಾರು ಸ್ವಲ್ಪ ಹಾಕಿ ಎಂದರು. ಆರು ದಿನದ ಮೇಲೆ ನಾನು ಹೊಟ್ಟೆತುಂಬ ಉಂಡೆ.

ಆಮೇಲೂ ಕಾಯುವುದು ತಪ್ಪಲಿಲ್ಲ. ಒಂದು ಸಂಜೆ ಜ್ವರ ಬಂದು ಬೆರಳು ಏಳಲಿಲ್ಲ. ಆ ಸಂಜೆಯನ್ನು ಹೇಗೆ ಕಳೆದೆನೆಂದು ಬರೆಯಲಾರೆ. ಮಾರನೆಯ ದಿನ ಎದ್ದಿತು. ಅದರ ಮಾರನೆಯ ದಿನ ಕಣ್ಣು ಬಿಟ್ಟರು. ಹತ್ತನೇ ದಿನ, ಗಂಟಲಿಗೆ ತೂತು ಮಾಡಬೇಕಾಗಬಹುದು ಎಂದು ಹೆದರಿಸಿದ್ದ ದಿನವೇ, ಬಾಯಿಯ ಪೈಪು ತೆಗೆದರು. ನನ್ನನ್ನು ಒಳಗೆ ಕರೆದರು. ಒಳಗೆ ಹೋಗುವಾಗ ಅವರ ಮೊದಲ ಮಾತು ಏನಿರಬಹುದು ಎಂದು ಯೋಚಿಸಿಕೊಂಡೇ ಹೋದೆ. ಹೆಂಗಸರಿಗೆ ಎಷ್ಟು ವಯಸ್ಸಾದರೂ ಆ ಆಸೆ ಇರುತ್ತದೆ.

ಅವರು ನನ್ನನ್ನು ನೋಡಿದರು. ಗುರುತು ಹಿಡಿದದ್ದು ಕಣ್ಣಲ್ಲೇ ತಿಳಿಯಿತು. ಬಲಗೈಯನ್ನು ಮೆಲ್ಲಗೆ ಎತ್ತಿ ತುಟಿಗಳನ್ನು ಸವರಿಕೊಂಡರು. ಮತ್ತೆ ಸವರಿಕೊಂಡರು. ಮುಖದಲ್ಲಿ ಗಾಬರಿ ಕಂಡಿತು.

"ಮೂರು ಸ್ಕ್ರೂ ಇತ್ತಲ್ಲೇ," ಎಂದರು, ಮರಳು ಉಜ್ಜಿದಂಥ ದನಿಯಲ್ಲಿ. "ನುಂಗಿಬಿಟ್ನಾ?"

ಬಿದ್ದದ್ದು, ಆಟೋ, ಆಸ್ಪತ್ರೆ ಯಾವುದೂ ಅವರಿಗೆ ನೆನಪಿರಲಿಲ್ಲ. ತಲೆಗೆ ಪೆಟ್ಟು ಬಿದ್ದವರಿಗೆ ಅದಕ್ಕೆ ಮುಂಚಿನ ಒಂದಷ್ಟು ಹೊತ್ತೂ ಅಳಿಸಿಹೋಗುವುದುಂಟು ಎಂದು ಡಾಕ್ಟರು ಆಮೇಲೆ ಹೇಳಿದರು. ಅವರ ಲೆಕ್ಕದಲ್ಲಿ ಅವರಿನ್ನೂ ಅಂಗಡಿಯ ಬೆಂಚಿನ ಮುಂದೆ, ನಂದಿನಿ ಲೇಔಟಿನವರ ಮಿಕ್ಸಿಯ ತಳ ಬಿಚ್ಚಿಕೊಂಡು ಕೂತಿದ್ದರು.

"ಇಲ್ಲ, ನಾನೇ ತೆಗೆದು ಡಬ್ಬೀಲಿ ಹಾಕಿದೀನಿ," ಎಂದೆ. ಅಂಥ ಯಾವ ಡಬ್ಬಿಯೂ ಇರಲಿಲ್ಲ, ನಾನು ಯಾವ ಸ್ಕ್ರೂವನ್ನೂ ನೋಡಿರಲಿಲ್ಲ. ಅವರ ಮುಖ ತಿಳಿಯಾಯಿತು. ಮೂರೂ ಒಟ್ಟಿಗೇ ಇವೆ ತಾನೇ ಎಂದು ಕೇಳಿ, ನಾನು ಹೂಂ ಎಂದ ಮೇಲೆ ನಿದ್ದೆಹೋದರು.

ಮನೆಗೆ ಬಂದು ನಡೆಯಲು ಕಲಿತದ್ದು, ಎಡಗೈಗೆ ಶಕ್ತಿ ಬಂದದ್ದು ನಿಧಾನದ ಕೆಲಸ. ಮೊದಲು ಕೆಲವು ತಿಂಗಳು ನಾನು ಊಟಕ್ಕೆ ಒಂದೇ ಸಲ, ಮೆತ್ತಗೆ ಕರೆಯುತ್ತಿದ್ದೆ. ಬೆರಳು ಕಂಡರೆ ಅನ್ನಕ್ಕೆ ತಟ್ಟೆ ಮುಚ್ಚಿ ಎದುರಿಗೆ ಕೂರುತ್ತಿದ್ದೆ. ಅವರಿಗೇ ಅನುಮಾನ ಬಂತು. ಡಾಕ್ಟರು ಏನಾದರೂ ಮುಚ್ಚಿಟ್ಟಿದ್ದಾರಾ ಎಂದು ಮಗಳ ಹತ್ತಿರ ಗುಟ್ಟಾಗಿ ಕೇಳಿದರಂತೆ. ಅದು ತಿಳಿದ ದಿನದಿಂದ ಮೊದಲಿನ ಹಾಗೇ ಬೈಯಲು ಶುರುಮಾಡಿದೆ. ಮನೆಯಲ್ಲಿ ನೆಮ್ಮದಿಯಾಯಿತು.

ಮೊನ್ನೆ ಅವರು ಮೊದಲ ಸಲ ಒಂದು ಕೆಲಸ ಕೈಗೆತ್ತಿಕೊಂಡರು. ನಂದಿನಿ ಲೇಔಟಿನವರ ಮಿಕ್ಸಿ. ಆಕೆ ಬೇರೆ ಕಡೆ ಕೊಡದೆ ಅಷ್ಟು ದಿನವೂ ಕಾದಿದ್ದರು. ಮಗಳು ಅದನ್ನು ಅಂಗಡಿಯಿಂದ ಮನೆಗೆ ತಂದು ಕೊಟ್ಟಿದ್ದಳು. ಇವರು ಕನ್ನಡಕ ಹಾಕಿಕೊಂಡು, ನಡುಮನೆಯಲ್ಲಿ ಪೇಪರ್ ಹಾಸಿ, ಮಧ್ಯಾಹ್ನವೆಲ್ಲ ಕೂತು ಮೋಟಾರಿನ ಸವೆದ ಕಾರ್ಬನ್ ಬದಲಾಯಿಸಿದರು. ನಾನು ರೂಮಿನಲ್ಲಿ ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಳ್ಳುತ್ತಿದ್ದೆ. ಸಂಜೆ ದೇವಸ್ಥಾನಕ್ಕೆ ಹೋಗುವುದಿತ್ತು. ಆಸ್ಪತ್ರೆಯಲ್ಲಿದ್ದಾಗ ಅತ್ತಿಗೆ ಹೇಳಿಕೊಂಡಿದ್ದ ಹರಕೆಯನ್ನು, ಬೆರಳು ಒಂದು ತೋರಿಸಿದ್ದರಿಂದ ಒಂದೇ ತೆಂಗಿನಕಾಯಿ ಸಾಕೆಂದು, ತೀರಿಸಬೇಕಿತ್ತು.

ನಡುಮನೆಯಿಂದ ಇವರು ಕರೆದರು. ಮಿಕ್ಸಿಯ ತಳದ ಮುಚ್ಚಳ ಹಾಕುವ ಹೊತ್ತು.

"ಲೇ, ಆವತ್ತು ಆ ಮೂರು ಸ್ಕ್ರೂ ಡಬ್ಬೀಲಿ ಹಾಕಿದೀನಿ ಅಂದ್ಯಲ್ಲ. ಯಾವ ಡಬ್ಬಿ?"

ಎರಡನೇ ಸಲ ಕರೆದರು. ಮೂರನೇ ಸಲ ಕರೆಯುತ್ತಾ ಎದ್ದು ರೂಮಿನ ಬಾಗಿಲಿಗೇ ಬಂದರು. ನನ್ನ ಬಾಯಲ್ಲಿ ಎರಡು ಹೇರ್‌ಪಿನ್ನು ಇತ್ತು. ಕನ್ನಡಿಯಿಂದ ಕಣ್ಣು ತೆಗೆಯದೆ ಬೆರಳು ತೋರಿಸಿದೆ.